ಉಕ್ಕಿನ ರಹಸ್ಯವೆಂಬ ಕಟ್ಟುಕತೆ

ದಕ್ಷಿಣ ಭಾರತದ ಉಕ್ಕಿನ ಬಗ್ಗೆ ಭಾಷಣಗಳಲ್ಲಿ, ಪುರವಣಿಗಳಲ್ಲಿ, ಯೂಟ್ಯೂಬ್ ವಿಡಿಯೋಗಳಲ್ಲಿ ಬರುವ ಕತೆ ಹೆಚ್ಚುಕಮ್ಮಿ ಒಂದೇ. ನಮ್ಮ ಪೂರ್ವಜರ ಬಳಿ ಒಂದು ಗುಟ್ಟಿನ ಸೂತ್ರವಿತ್ತು. ಅದರಿಂದಾದ ಉಕ್ಕು ಡಮಾಸ್ಕಸ್ಸಿನ ಖಡ್ಗವಾಗಿ ಗಾಳಿಯಲ್ಲಿ ತೇಲುವ ರೇಷ್ಮೆಯನ್ನೂ ಸೀಳುತ್ತಿತ್ತು. ಆಮೇಲೆ ಬ್ರಿಟಿಷರು ಬಂದರು, ಸೂತ್ರ ಬಲ್ಲ ಕೊನೆಯ ಕಮ್ಮಾರ ಯಾರಿಗೂ ಹೇಳದೆ ಕಣ್ಣು ಮುಚ್ಚಿದ. ಇವತ್ತಿನ ವಿಜ್ಞಾನಕ್ಕೂ ಅದು ಬಿಡಿಸಲಾಗದ ಒಗಟು. ಕತೆ ಕೇಳಲು ಸೊಗಸಾಗಿದೆ. ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು, ಯಾರೂ ಕೈ ಮಸಿ ಮಾಡಿಕೊಳ್ಳಬೇಕಾಗಿಲ್ಲ.

ಇದಕ್ಕೆ ಎದುರಾಗಿ ನಿಂತಂತೆ ಕಾಣುವ ಇನ್ನೊಂದು ಅಭಿಪ್ರಾಯವೂ ಇದೆ. ಮಣ್ಣಿನ ಕುಲುಮೆ, ತೊಗಲಿನ ತಿದಿ, ಇದ್ದಿಲು ಇವೆಲ್ಲ ಹಿಂದುಳಿದ ಕಾಲದ ಕಸುಬು, ಅರ್ಧ ಅದಿರು ಕಿಟ್ಟದಲ್ಲೇ ಹಾಳಾಗುತ್ತಿತ್ತು, ದೊಡ್ಡ ಊದುಕುಲುಮೆ ಬಂದ ದಿನ ಅದು ತನ್ನಷ್ಟಕ್ಕೆ ಸತ್ತಿತು ಎನ್ನುವವರು ಈ ಪಕ್ಷದವರು. ಮೊದಲಿನವರು ಕಣ್ಣರಳಿಸುತ್ತಾರೆ, ಇವರು ಮೂಗು ಮುರಿಯುತ್ತಾರೆ. ಆದರೆ ಕುಲುಮೆಯ ಮುಂದೆ ನಿಂತವರಿಂದ ಈಗ ಕಲಿಯಲು ಏನೂ ಉಳಿದಿಲ್ಲ ಎಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಸುಳ್ಳಿರುವುದು ಆ ಒಮ್ಮತದಲ್ಲಿ.

ಮೊದಲು ಕೆಲಸ ಏನೆಂದು ನೋಡೋಣ. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗ್ಲಿಷಿನಲ್ಲಿ ಬ್ಲೂಮರಿ ಎಂದು ಕರೆಯುವ ಹಳೆಯ ಮಣ್ಣಿನ ಕುಲುಮೆ ಆ ಬಿಸಿಯನ್ನು ಮುಟ್ಟುವುದೂ ಇಲ್ಲ, ಮುಟ್ಟಬೇಕಾಗಿಯೂ ಇಲ್ಲ. ಎದೆಯೆತ್ತರದ ಗೂಡಿಗೆ ಇದ್ದಿಲನ್ನೂ ಅದಿರನ್ನೂ ಸರದಿಯಂತೆ ಸುರಿಯುತ್ತಾರೆ. ಬುಡದ ಮಣ್ಣಿನ ಕೊಳವೆಯಿಂದ ತಿದಿಯ ಗಾಳಿ ನುಗ್ಗುತ್ತದೆ. ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಕರಗದೆ, ಘನವಾಗಿಯೇ ಕಣಕಣವಾಗಿ ಕೂಡಿಕೊಳ್ಳುತ್ತದೆ. ಅದಿರಿನಲ್ಲಿದ್ದ ಮರಳಿನಂಶ ಮಾತ್ರ 1,200 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಕಿಟ್ಟವಾಗಿ ಕೆಳಗೆ ಹರಿಯುತ್ತದೆ. ಕೊನೆಗೆ ಗೂಡಿನ ಬಾಯಿ ಒಡೆದು ತೂತುತೂತಾದ ಒಂದು ಮುದ್ದೆಯನ್ನು ಹೊರಗೆಳೆದು, ಕೆಂಪಗಿರುವಾಗಲೇ ಬಡಿದು, ಒಳಗಿನ ಕಿಟ್ಟ ಹಿಂಡಿ ತೆಗೆದರೆ ಕಬ್ಬಿಣ ಸಿಕ್ಕಿತು.

ಓದಲು ಇಷ್ಟೇ. ಮಾಡುವಾಗ ಪ್ರತಿ ಹೆಜ್ಜೆಗೂ ಒಂದು ತೀರ್ಮಾನವಿದೆ. ಗಾಳಿ ಕಮ್ಮಿಯಾದರೆ ಕಿಟ್ಟ ಹೆಪ್ಪುಗಟ್ಟಿ ಕೊಳವೆಯ ಬಾಯಿ ಮುಚ್ಚುತ್ತದೆ. ಇದ್ದಿಲು ಅತಿಯಾಗಿ ಬಿಸಿ ಏರಿದರೆ ಕಬ್ಬಿಣ ಬೇಕಾದ್ದಕ್ಕಿಂತ ಹೆಚ್ಚು ಇಂಗಾಲ ಹೀರಿ, ಸುತ್ತಿಗೆಯ ಮೊದಲ ಏಟಿಗೇ ಒಡೆಯುವ ಬೀಡಾಗುತ್ತದೆ. ಅದಿರು ಜಾಸ್ತಿ ಸುರಿದರೆ ಕಬ್ಬಿಣವೆಲ್ಲ ಕಿಟ್ಟದ ಪಾಲು. ಇವುಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ, ಜ್ವಾಲೆಯ ಬಣ್ಣ, ಗೂಡಿನೊಳಗಿನ ಸದ್ದು, ಹರಿದು ಬರುವ ಕಿಟ್ಟದ ತೆಳುವು ನೋಡಿಕೊಂಡು ಗಂಟೆಗಟ್ಟಲೆ ನಡೆಯಬೇಕು. ಒಂದೇ ಮುದ್ದೆಯೊಳಗೂ ಒಂದು ಕಡೆ ಮೆದು ಕಬ್ಬಿಣ, ಇನ್ನೊಂದು ಕಡೆ ಉಕ್ಕು ಇರುತ್ತದೆ. ಒಡೆದು, ಮುರಿದ ಮೈ ನೋಡಿ ಬೇರೆ ಮಾಡಬೇಕು. ಇದರಲ್ಲಿ ಚೀಟಿಯಲ್ಲಿ ಬರೆದು ಬಚ್ಚಿಡುವಂಥದ್ದು ಏನೂ ಇಲ್ಲ, ಒಂದೇ ಮಧ್ಯಾಹ್ನದಲ್ಲಿ ಕಲಿತು ಮುಗಿಸುವಂಥದ್ದೂ ಇಲ್ಲ.

ಜಗತ್ಪ್ರಸಿದ್ಧವಾದ ಮೂಸೆಯ ಉಕ್ಕು ನಿಂತಿರುವುದು ಈ ಮುದ್ದೆಯ ಮೇಲೆಯೇ. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಮಾಗಡಿ, ಚನ್ನರಾಯನದುರ್ಗದ ಸುತ್ತಮುತ್ತ ಕಂಡದ್ದನ್ನು ವಿವರವಾಗಿ ಬರೆದಿದ್ದಾನೆ. ಮಳೆಗಾಲದಲ್ಲಿ ಹಳ್ಳಗಳು ಗುಡ್ಡದಿಂದ ಕೊಚ್ಚಿ ತಂದ ಕರಿಮರಳನ್ನು ಕೂಡಿಸಿ ತೊಳೆಯುತ್ತಿದ್ದರು. ಅದನ್ನು ಕುಲುಮೆಗೆ ಹಾಕಿ ಕಬ್ಬಿಣ ಮಾಡುತ್ತಿದ್ದರು. ಹಾಗೆ ಬಂದ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಗೆ ಹಾಕಿ, ಬಾಯಿ ಮುಚ್ಚಿ, ಮತ್ತೆ ಕಾಯಿಸಿ ಉಕ್ಕು ಮಾಡುತ್ತಿದ್ದರು. ಆ ಉಕ್ಕು ಕಲ್ಲುಕುಟಿಗರ ಉಳಿಗೂ ಹೋಗುತ್ತಿತ್ತು, ಖಡ್ಗಕ್ಕೂ ಹೋಗುತ್ತಿತ್ತು, ವಾದ್ಯಗಳ ತಂತಿಗೂ ಹೋಗುತ್ತಿತ್ತು. ಇವತ್ತು ಬೊಂಬೆಗೆ ಹೆಸರಾದ ಚನ್ನಪಟ್ಟಣ ಆಗ ಉಕ್ಕಿನ ತಂತಿಗೂ ಹೆಸರಾಗಿತ್ತು. ಭಾಷಣಕಾರರ ಬಾಯಲ್ಲಿ ಖಡ್ಗ ಮಾತ್ರ ಉಳಿದು ಉಳಿಯೂ ತಂತಿಯೂ ಮಾಯವಾದದ್ದು ಆಕಸ್ಮಿಕವಲ್ಲ. ಉಳಿ ಎಂದೊಡನೆ ಅದನ್ನು ಹಿಡಿದವನು, ಮಾಡಿದವನು, ಮರಳು ತೊಳೆದವಳು ಎಲ್ಲರೂ ನೆನಪಾಗುತ್ತಾರೆ.

ಬುಕಾನನ್ ಊರಾಚೆಯ ದಾರಿಹೋಕ. ಅವನ ಕಣ್ಣೆದುರು ಇಷ್ಟೆಲ್ಲ ನಡೆಯಿತೆಂದ ಮೇಲೆ ಗುಟ್ಟು ಎಲ್ಲಿತ್ತು?

ಗುಟ್ಟೆಂಬುದು ಹುಟ್ಟಿದ್ದು ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಮುಂಬಯಿಯಿಂದ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಈ ಉಕ್ಕಿನ ಮಾದರಿ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ, ಇದು ಅದಿರಿನಿಂದ ನೇರವಾಗಿ ಆದ ಉಕ್ಕು, ನಡುವೆ ಬಡಿದ ಕಬ್ಬಿಣದ ಹಂತವೇ ಇಲ್ಲ ಎಂದು ತೀರ್ಪಿತ್ತ. ಮೈಸೂರಿನ ಮೂಸೆಗೆ ಬೀಳುತ್ತಿದ್ದದ್ದೇ ಬಡಿದ ಕಬ್ಬಿಣ! 1819ರಲ್ಲಿ ಮೈಕೇಲ್ ಫ್ಯಾರಡೆಯಂಥ ಫ್ಯಾರಡೆಯೇ ಈ ಉಕ್ಕಿನ ಗುಣಕ್ಕೆ ಅಲ್ಯುಮಿನ, ಸಿಲಿಕ ಕಾರಣವಿರಬೇಕೆಂದು ನಂಬಿ, ಚಾಕು ತಯಾರಕ ಜೇಮ್ಸ್ ಸ್ಟೋಡರ್ಟ್ ಜೊತೆ ಬಗೆಬಗೆಯ ಬೆರಕೆ ಉಕ್ಕುಗಳನ್ನು ಮಾಡಿ ನೋಡಿದ. ಮಿಶ್ರ ಉಕ್ಕುಗಳ ಅಧ್ಯಯನಕ್ಕೆ ಅದರಿಂದ ದಾರಿಯಾಯಿತು, ಆ ಮಾತು ಬೇರೆ. ಆದರೆ ಊಹೆ ತಪ್ಪಾಗಿತ್ತು. ಪ್ಯಾರಿಸ್ ಟಂಕಸಾಲೆಯ ಝಾನ್ ರಾಬೇರ್ ಬ್ರೆಯಾಂ ಹತ್ತಾರು ಕಾವುಗಳನ್ನು ತೆಗೆದು 1823ರಲ್ಲಿ ಕಾರಣ ಇಂಗಾಲ ಎಂದು ಬರೆಯುವ ಹೊತ್ತಿಗೆ ಸುಮಾರು 30 ವರ್ಷ ಕಳೆದಿತ್ತು. ಕಡ್ಡಿ, ಎಲೆ ಹಾಕುತ್ತಿದ್ದ ಚನ್ನರಾಯನದುರ್ಗದ ಕೆಲಸಗಾರರಿಗೆ ಇಂಗಾಲದ ಹೆಸರು ಗೊತ್ತಿರಲಿಲ್ಲ, ಸರಿ. ಎಷ್ಟು ಹಾಕಬೇಕೆಂಬುದು ಗೊತ್ತಿತ್ತು. ಮಾಡುವವರನ್ನು ಬಿಟ್ಟು ಮಾದರಿಯನ್ನು ಮಾತ್ರ ಹಡಗು ಹತ್ತಿಸಿದ್ದರಿಂದ ಅದು ಒಗಟಾಯಿತು.

ರಹಸ್ಯವಾದಿಗಳ ಕೈಯಲ್ಲಿ ಒಂದು ಗಟ್ಟಿ ವಾದವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಡಮಾಸ್ಕಸ್ ಖಡ್ಗದ ಮೈಮೇಲಿನ ನೀರಲೆಯಂಥ ಚಿತ್ತಾರ 19ನೆಯ ಶತಮಾನದಲ್ಲಿ ಕಣ್ಮರೆಯಾಯಿತು, ಆಮೇಲೆ ಪ್ರಯತ್ನಿಸಿದವರಿಗೆ ಅದು ಸುಲಭವಾಗಿ ಒಲಿಯಲಿಲ್ಲ. ಇದು ನಿಜ. ಅದನ್ನು ಬಿಡಿಸಿದವರು ಯಾರು? ಅಮೆರಿಕದ ಲೋಹವಿಜ್ಞಾನಿ ಜಾನ್ ವೆರ್‌ಹೂವೆನ್, ಜೊತೆಗೆ ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟಿ ಬದುಕುತ್ತಿದ್ದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವೆನೇಡಿಯಂನಂಥ ಧಾತು ಉಕ್ಕಿನೊಳಗಿನ ಕಾರ್ಬೈಡ್ ಕಣಗಳನ್ನು ಸಾಲುಗಟ್ಟಿಸುತ್ತದೆ, ಮತ್ತೆಮತ್ತೆ ಕಾಯಿಸಿ ಬಡಿದಾಗ ಆ ಸಾಲುಗಳೇ ಚಿತ್ತಾರವಾಗಿ ಮೇಲೇಳುತ್ತವೆ ಎಂದು ಅವರ ತಂಡ 1998ರಲ್ಲಿ ವಿವರಿಸಿತು. ಹಾಗಾದರೆ ನಮ್ಮ ಉಕ್ಕುಗಾರರು ವೆನೇಡಿಯಂ ಬಚ್ಚಿಟ್ಟಿದ್ದರೇ? ಆ ಧಾತುವಿಗೆ ಆಗಿನ್ನೂ ಹೆಸರೂ ಇರಲಿಲ್ಲ. ಯಾವ ಹಳ್ಳದ ಮರಳಿನಿಂದ ಒಳ್ಳೆಯ ಉಕ್ಕು ಬರುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಆ ಹಳ್ಳಕ್ಕೆ ಹೋಗುವ ದಾರಿ ಮುಚ್ಚಿದಾಗ ಚಿತ್ತಾರವೂ ಹೋಗಿರಬೇಕು. ಅದನ್ನು ಮರಳಿ ತಂದದ್ದು ಪ್ರಯೋಗಾಲಯದ ಸೂಕ್ಷ್ಮದರ್ಶಕ ಮತ್ತು ಸುತ್ತಿಗೆ ಹಿಡಿದ ಕೈ, ಎರಡೂ ಒಟ್ಟಿಗೆ. ಪೆಂಡ್ರೆಯನ್ನು ಬಿಟ್ಟು ಆ ಪ್ರಬಂಧವನ್ನು ಬರೆಯಲು ಆಗುತ್ತಿರಲಿಲ್ಲ.

ದೆಹಲಿಯ ಕಬ್ಬಿಣದ ಕಂಬದ ಕತೆ ಇದಕ್ಕಿಂತ ಸ್ವಾರಸ್ಯದ್ದು. 7 ಮೀಟರಿಗೂ ಎತ್ತರದ, 6 ಟನ್ನಿಗೂ ಮೀರಿದ ಈ ಗುಪ್ತರ ಕಾಲದ ಕಂಬ ಏಕೆ ತುಕ್ಕು ಹಿಡಿದು ಉದುರಿಹೋಗಿಲ್ಲ ಎಂಬುದಕ್ಕೆ ಅನ್ಯಗ್ರಹದವರ ತನಕ ಊಹೆಗಳು ಹರಿದಿವೆ. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಕಾರಣ ತೋರಿಸಿದರು: ಆ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದು ಕಂಬದ ಮೈಮೇಲೆ ರಕ್ಷಣೆಯ ತೆಳು ಪದರ ಕಟ್ಟಲು ನೆರವಾಗಿದೆ. ರಂಜಕ ಹೆಚ್ಚಾಗಿ ಉಳಿದದ್ದೇಕೆ? ರಂಜಕವನ್ನು ಕಿಟ್ಟಕ್ಕೆ ಸೆಳೆಯುವ ಸುಣ್ಣಕಲ್ಲು ಬಳಸದ, ಇದ್ದಿಲಿನ, ಮಣ್ಣಿನ ಕುಲುಮೆಯ ಕಬ್ಬಿಣ ಅದು. ಅಂಥ ಎಷ್ಟೋ ಮುದ್ದೆಗಳನ್ನು ಕಾಯಿಸಿ, ಒಂದಕ್ಕೊಂದು ಬಡಿದು ಬೆಸೆದು ಕಂಬ ಎಬ್ಬಿಸಿದ್ದಾರೆ. 1963ರಲ್ಲಿ ಜಮ್‌ಶೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯದ ಮೂವರು ವಿಜ್ಞಾನಿಗಳು ಈ ಕಂಬದ ಕಬ್ಬಿಣವನ್ನು ಅಂದಿಗೂ ಆದಿವಾಸಿಗಳು ಮಾಡುತ್ತಿದ್ದ ಕಬ್ಬಿಣದ ಜೊತೆಗಿಟ್ಟು ಹೋಲಿಸಿ ಪ್ರಬಂಧ ಪ್ರಕಟಿಸಿದರು. ಹೋಲಿಕೆಯೇ ಒಂದು ಒಳ್ಳೆಯ ಒಳನೋಟ. ಆದರೆ ಪ್ರಬಂಧದ ಶೀರ್ಷಿಕೆಯಲ್ಲೇ ಆದಿವಾಸಿ ಕಬ್ಬಿಣ ಆದಿಮ ವಿಧಾನದ್ದೆಂಬ ಹಣೆಪಟ್ಟಿ ಹೊತ್ತಿದೆ. ಚಕ್ರವರ್ತಿಯ ಹೆಸರಿನ ಶಾಸನವಿದ್ದರೆ ಪವಾಡ, ಕಾಡಿನ ಅಂಚಿನಲ್ಲಿ ಗುದ್ದಲಿಯಾದರೆ ಆದಿಮ!

ಕರ್ನಾಟಕಕ್ಕೂ ಇಂಥದ್ದೊಂದು ಕಂಬವಿದೆ. ಕೊಡಚಾದ್ರಿಯ ಮೂಕಾಂಬಿಕೆ ಗುಡಿಯ ಮುಂದಿನ ಕಬ್ಬಿಣದ ಸ್ತಂಭದ ಬಗ್ಗೆ ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ 1999ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಚಾರಣಕ್ಕೆ ಹೋದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಇಷ್ಟು ಕಬ್ಬಿಣಕ್ಕೆ ಎಷ್ಟು ಇದ್ದಿಲು ಸುಟ್ಟಿರಬಹುದು, ಎಷ್ಟು ಜನ ತಿದಿ ಒತ್ತಿರಬಹುದು ಎಂಬ ಲೆಕ್ಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಇನ್ನು ಮೂಗು ಮುರಿಯುವವರ ವಾದ. ಕಿಟ್ಟದಲ್ಲಿ ಕಬ್ಬಿಣ ಹೋಗುತ್ತಿತ್ತು ಎಂಬುದು ನಿಜವೇ. ಆದರೆ ಸುಣ್ಣಕಲ್ಲು ಹಾಕದ ಕುಲುಮೆಯಲ್ಲಿ ಕಿಟ್ಟ ನೀರಾಗಿ ಹರಿಯುವುದೇ ಕಬ್ಬಿಣದ ಆಕ್ಸೈಡ್ ಅದರಲ್ಲಿ ಬೆರೆತಿರುವುದರಿಂದ. ಆ ಕಬ್ಬಿಣ ಉಳಿಸಿದರೆ ಕಿಟ್ಟ ಹರಿಯದು, ಕಿಟ್ಟ ಹರಿಯದಿದ್ದರೆ ಮುದ್ದೆ ಕೂಡದು. ಅದು ಹಾಳಾದ ಕಬ್ಬಿಣವಲ್ಲ, ಕೆಲಸ ಮಾಡಿದ ಕಬ್ಬಿಣ. ಈ ಪಾಠವನ್ನು ಪುಸ್ತಕದ ವಿದ್ವಾಂಸರೂ ಕುಲುಮೆ ಹೊತ್ತಿಸಿಯೇ ಕಲಿಯಬೇಕಾಯಿತು. ಪುರಾತತ್ವಜ್ಞರ ಹಲವು ಪ್ರಯೋಗಗಳಲ್ಲಿ ಕೈಗೆ ಬಂದದ್ದು ಕಿಟ್ಟ ತುಂಬಿದ ಸಣ್ಣ ತುಣುಕುಗಳು. ಹಳೆಯ ಕುಲುಮೆಗಳ ಇಳುವರಿ ಇಷ್ಟೇ ಎಂದು ಅಂದುಕೊಳ್ಳುವುದು ಸುಲಭವಾಗಿತ್ತು. ವರ್ಜೀನಿಯಾದ ಕಮ್ಮಾರ ಲೀ ಸೌಡರ್ ಮತ್ತು ಸ್ಕಿಪ್ ವಿಲಿಯಮ್ಸ್ ಮತ್ತೆಮತ್ತೆ ಕುಲುಮೆ ಹಚ್ಚಿ, ಗಾಳಿಯನ್ನು ಧಾರಾಳವಾಗಿ ಬಿಟ್ಟು, ಬಡಿಯಲು ಯೋಗ್ಯವಾದ ದೊಡ್ಡ ಮುದ್ದೆಗಳನ್ನು ತೆಗೆದು 2002ರಲ್ಲಿ ತಮ್ಮ ಅನುಭವ ಬರೆದರು. ಕುಲುಮೆಯ ದೋಷವೆಂದು ಕಂಡದ್ದರಲ್ಲಿ ಎಷ್ಟೋ ಪಾಲು ಪ್ರಯೋಗ ಮಾಡಿದವರ ಕೈಗೆ ಅಭ್ಯಾಸ ಸಾಲದ್ದರಿಂದ ಬಂದದ್ದು.

ಶ್ರೀಲಂಕಾದ ಸಮನಲವೆವದಲ್ಲಿ ಆದದ್ದು ಇನ್ನೂ ದೊಡ್ಡದು. ಪಶ್ಚಿಮಕ್ಕೆ ಮುಖ ಮಾಡಿದ ಗುಡ್ಡದ ನೆತ್ತಿಗಳಲ್ಲಿ ಪುರಾತತ್ವಜ್ಞೆ ಗಿಲಿಯನ್ ಜೂಲೆಫ್ ನೂರಾರು ವರ್ಷ ಹಳೆಯ ಕುಲುಮೆಗಳ ಸಾಲನ್ನೇ ಕಂಡರು. ತಿದಿ ಇಲ್ಲದೆ ಬರೀ ಗಾಳಿಯಿಂದ ಇಂಥ ಕುಲುಮೆ ನಡೆದೀತೆಂದು ಪರಿಣತರು ನಂಬಿರಲಿಲ್ಲ. ಜೂಲೆಫ್ ಅಂಥದೇ ಕುಲುಮೆ ಕಟ್ಟಿಸಿ, ಮುಂಗಾರಿನ ಗಾಳಿ ಬೀಸುವಾಗ ಹೊತ್ತಿಸಿ, ಕಬ್ಬಿಣವನ್ನಷ್ಟೇ ಅಲ್ಲ, ಇಂಗಾಲ ಹೆಚ್ಚಿದ ಉಕ್ಕನ್ನೂ ನೇರವಾಗಿ ತೆಗೆದು ತೋರಿಸಿದರು. ನೇಚರ್ ಪತ್ರಿಕೆ 1996ರಲ್ಲಿ ಅದನ್ನು ಪ್ರಕಟಿಸಿತು. ತಾಂಜಾನಿಯಾದ ಹಾಯಾ ಜನರ ಹಿರಿಯರು, ತಮ್ಮ ಪ್ರಾಯದಲ್ಲಿ ಬಿಟ್ಟುಹೋಗಿದ್ದ ಕುಲುಮೆಯನ್ನು 1970ರ ದಶಕದಲ್ಲಿ ಪೀಟರ್ ಸ್ಮಿಟ್ ಎಂಬ ಪುರಾತತ್ವಜ್ಞನ ಎದುರು ಮತ್ತೆ ಕಟ್ಟಿ ಉರಿಸಿದರು. ಕಸುಬು ನಿಂತು ದಶಕಗಳಾದ ಮೇಲೂ ಅದು ಮೈಯಲ್ಲಿ ಉಳಿದಿತ್ತು. ಕೇಳಿದವರಿದ್ದರು, ಹೇಳಿದರು.

ಹಾಗಾದರೆ ನಮ್ಮಲ್ಲಿ ಕುಲುಮೆ ಆರಿದ್ದೇಕೆ? ಯಾರೂ ಸೂತ್ರವನ್ನು ಕದಿಯಲಿಲ್ಲ, ಸುಡಲಿಲ್ಲ. ಇದ್ದಿಲು ನಿಂತಿತು. 1865, 1878ರ ಅರಣ್ಯ ಕಾಯಿದೆಗಳು, ಮದರಾಸು ಪ್ರಾಂತ್ಯದ 1882ರ ಕಾಯಿದೆ ಕಾಡಿಗೆ ಬೇಲಿ ಹಾಕಿದವು. ಸೌದೆ ಕಡಿದು ಇದ್ದಿಲು ಸುಡುವುದು ಅಪರಾಧವಾಯಿತು, ಇಲ್ಲವೇ ದುಬಾರಿಯಾಯಿತು. ಅದೇ ಹೊತ್ತಿಗೆ ರೈಲು ಇಂಗ್ಲೆಂಡಿನ ಅಗ್ಗದ ಕಬ್ಬಿಣವನ್ನು ಸಂತೆಯವರೆಗೂ ತಂದಿತು. ಮಧ್ಯ ಭಾರತದ ಅಗಾರಿಯಾ ಸಮುದಾಯದ ಬಗ್ಗೆ 1942ರಲ್ಲಿ ಪುಸ್ತಕ ಬರೆದ ವೆರಿಯರ್ ಎಲ್ವಿನ್ ಈ ಅವನತಿಯನ್ನು ಹತ್ತಿರದಿಂದ ದಾಖಲಿಸಿದ್ದಾರೆ: ಕುಲುಮೆಯ ಮೇಲೆ ತೆರಿಗೆ, ಇದ್ದಿಲಿಗೆ ಅಡ್ಡಿ, ಮಾರುಕಟ್ಟೆಯ ಕಬ್ಬಿಣದ ಪೈಪೋಟಿ. ಕೊನೆಯ ಕಮ್ಮಾರನ ಮರಣಶಯ್ಯೆಯ ನಾಟಕಕ್ಕೆ ಇಲ್ಲಿ ಜಾಗವೇ ಇಲ್ಲ. ಇದು ಕಚೇರಿಯ ಕಡತಗಳಲ್ಲಿ ನಡೆದ ಸಾವು.

ದೊಡ್ಡ ಕುಲುಮೆ ಚಿಕ್ಕದನ್ನು ಯೋಗ್ಯತೆಯಿಂದಲೇ ಗೆದ್ದಿತು ಎನ್ನುವವರು ಎರಡು ಹೆಸರು ನೆನಪಿಡಬೇಕು. ಒಂದು, ಈಗಿನ ತಮಿಳುನಾಡಿನ ಪರಂಗಿಪೇಟೆ. ಜೋಸೈಯ ಮಾರ್ಷಲ್ ಹೀತ್ ಅಲ್ಲಿ 1830ರ ದಶಕದಲ್ಲಿ ಇಂಗ್ಲಿಷ್ ಮಾದರಿಯ ಕಾರ್ಖಾನೆ ಎಬ್ಬಿಸಿದ. ಸರ್ಕಾರದ ಸಾಲವಿತ್ತು, ಬೆಂಬಲವಿತ್ತು. ಸೇಲಂ ಸೀಮೆಯ ಸಣ್ಣ ಕುಲುಮೆಗಳು ಇನ್ನೂ ಉರಿಯುತ್ತಿದ್ದ ಕಾಲದಲ್ಲೇ ಅದು ಇದ್ದಿಲಿನ ಅಭಾವದಿಂದ, ನಷ್ಟದಿಂದ ಸೊರಗಿತು. ಇನ್ನೊಂದು, ಭದ್ರಾವತಿ. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ 1923ರಲ್ಲಿ ಕಬ್ಬಿಣ ಹರಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನಿಂದ ಶುರುವಾದದ್ದಲ್ಲ. ಮಲೆನಾಡಿನ ಕಾಡಿನ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು ಅದರ ಆಹಾರವಾಗಿದ್ದವು. ಕಾರ್ಖಾನೆಯ ಸಾಧನೆಯನ್ನು ಇಲ್ಲಿ ಹಳಿಯುತ್ತಿಲ್ಲ. ಇದ್ದಿಲು ಎಂಬ ಇಂಧನವೇ ಹಿಂದುಳಿದದ್ದು ಎನ್ನುವ ಮಾತು ಭದ್ರಾವತಿಯ ಮುಂದೆ ನಿಲ್ಲುವುದಿಲ್ಲ ಎಂದಷ್ಟೇ ಹೇಳಬೇಕಾಗಿದೆ. ಕಾಡು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದರ ಮೇಲೆ ಯಾರ ಕುಲುಮೆ ಉಳಿಯಬೇಕೆಂಬುದು ತೀರ್ಮಾನವಾಯಿತು.

ಬೇರೆ ದಾರಿ ಇರಲೇ ಇಲ್ಲ ಎನ್ನುವವರಿಗೆ ಜಪಾನಿನ ಶಿಮಾನೆ ಪ್ರಾಂತ್ಯದ ಉದಾಹರಣೆಯಿದೆ. ಕಬ್ಬಿಣದ ಮರಳಿನಿಂದ ಖಡ್ಗದ ಉಕ್ಕು ತೆಗೆಯುವ ಅಲ್ಲಿನ ತತಾರ ಕುಲುಮೆಗಳು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆರಿದ್ದವು. ಖಡ್ಗ ಮಾಡುವವರಿಗೆ ಉಕ್ಕು ಇಲ್ಲವಾಯಿತು. 1977ರಲ್ಲಿ ಖಡ್ಗ ಸಂರಕ್ಷಣೆಯ ಸಂಸ್ಥೆಯೊಂದು ಸರ್ಕಾರದ ನೆರವಿನಿಂದ ಅದನ್ನು ಮತ್ತೆ ಹೊತ್ತಿಸಿತು. ಹಿಂದೆ ಕುಲುಮೆ ನಡೆಸಿದ್ದ ಹಿರಿಯ ಅಬೆ ಯೋಶಿಜೊ ಇನ್ನೂ ಬದುಕಿದ್ದರು, ಅವರನ್ನು ಕರೆದು ಕೂರಿಸಿ, ಅವರ ವಿದ್ಯೆಯನ್ನು ರಾಷ್ಟ್ರ ಕಾಪಾಡಬೇಕಾದ ತಂತ್ರವೆಂದು ಘೋಷಿಸಿ, ಕೆಳಗೆ ಶಿಷ್ಯರನ್ನು ನಿಲ್ಲಿಸಿದರು. ಚಳಿಗಾಲದಲ್ಲಿ ಮೂರು ಹಗಲು ಮೂರು ರಾತ್ರಿ ಎಡೆಬಿಡದೆ, ಹತ್ತು ಟನ್ನಿನಷ್ಟು ಮರಳು, ಅದಕ್ಕೂ ಮಿಗಿಲಾದ ಇದ್ದಿಲು ಸುರಿದು, ಸುಮಾರು ಎರಡೂವರೆ ಟನ್ನಿನ ಒಂದೇ ಗಟ್ಟಿ ತೆಗೆಯುತ್ತಾರೆ. ಲಾಭಕ್ಕಾಗಿ ಮಾಡುವ ಕೆಲಸ ಇದಲ್ಲ. ಟೊಯೋಟ, ಶಿಂಕಾನ್ಸೆನ್‌ಗಳ ದೇಶಕ್ಕೆ ಅದರಿಂದ ಹಿಂದುಳಿದಂತೆಯೂ ಅನ್ನಿಸಿಲ್ಲ.

ನಮ್ಮಲ್ಲಿ ಕುಲುಮೆ ಉಳಿಸಲು ಬೇಕಾದ ಶಕ್ತಿಯೆಲ್ಲ ಪ್ರಾಚೀನತೆಯ ಪೈಪೋಟಿಗೆ ಖರ್ಚಾಗುತ್ತಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣಕ್ಕೆ ಕ್ರಿ.ಪೂ. 1000ದ ಆಸುಪಾಸಿನ ಕಾಲ ಹೇಳಿದ್ದು ಹಳೆಯ ಮಾತಾಯಿತು. ಶಿವಗಳೈ ಉತ್ಖನನದ ಆಧಾರದ ಮೇಲೆ 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಅಲ್ಲಿನ ಕಬ್ಬಿಣಕ್ಕೆ ಕ್ರಿ.ಪೂ. 3345 ಎಂದಿತು. ಕೂಡಲೇ ಯಾರದು ಮೊದಲು ಎಂಬ ಜಗಳ ಶುರು. 18ನೆಯ ಶತಮಾನದಲ್ಲಿ ದೇಶದಲ್ಲಿ 10,000 ಕುಲುಮೆಗಳಿದ್ದಿರಬಹುದು ಎಂದು ಇತಿಹಾಸಕಾರ ಧರಂಪಾಲ್ 1971ರಲ್ಲಿ ಅಂದಾಜು ಮಾಡಿದ್ದರು. ಅವರ ಅಂದಾಜು ಈಗ ಭಾಷಣಗಳಲ್ಲಿ ಎಣಿಸಿ ಇಟ್ಟ ಸಂಖ್ಯೆಯಾಗಿ ಮೊಳಗುತ್ತದೆ. ಅವರು ಅಚ್ಚು ಹಾಕಿಸಿದ ಹಳೆಯ ವರದಿಗಳಲ್ಲಿ ಕುಲುಮೆಯ ಅಳತೆಯಿಂದ ಹಿಡಿದು ಕೆಲಸದ ಕ್ರಮದವರೆಗೆ ವಿವರಗಳಿವೆ, ಅವನ್ನು ಓದಿ ಒಂದು ಕುಲುಮೆ ಕಟ್ಟಿದವರು ಮಾತ್ರ ಅಪರೂಪ. ಅಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು ಎನ್ನುವ ಗತ್ತು ಇದು.

ಟನ್ನುಗಟ್ಟಲೆ ಉಕ್ಕು ದಿನವೂ ಬಳ್ಳಾರಿಯಿಂದ ಹೊರಡುವಾಗ ಎರಡು ಕಿಲೋ ಮುದ್ದೆಗೆ ಗೂಡು ಉರಿಸಿ ಏನು ಪ್ರಯೋಜನ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾರ್ಖಾನೆಗೆ ಪೈಪೋಟಿ ಕೊಡಬೇಕೆಂದು ಯಾರೂ ಹೇಳುತ್ತಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಆ ಕಬ್ಬಿಣದ ಕೊಳವೆಗಳನ್ನು ಹೇಗೆ ಮಾಡಿದರು, ಹೇಗೆ ಕಾಪಾಡಬೇಕು ಎಂದು ತಿಳಿಯಲು ಅಂಥ ಕಬ್ಬಿಣವನ್ನು ಮಾಡಿ ನೋಡಿದವರು ಬೇಕು. ಪುರಾತತ್ವದ ವಿದ್ಯಾರ್ಥಿ ಹೊಲದಲ್ಲಿ ಸಿಕ್ಕ ಕಿಟ್ಟದ ತುಂಡನ್ನು ನೋಡಿ ಇದು ಅದಿರು ಕರಗಿಸಿದ್ದರದೋ, ಬರೀ ಕಮ್ಮಾರಸಾಲೆಯದೋ ಎಂದು ಹೇಳಬೇಕಾದರೆ ಎರಡನ್ನೂ ಕೈಯಾರೆ ಮಾಡಿರಬೇಕು. ಉಕ್ಕಿನ ಗುಣ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಂಗಾಲ ಕಬ್ಬಿಣದೊಳಗೆ ಇಳಿಯುವುದನ್ನು ಒಂದು ಹಗಲಿನ ಕುಲುಮೆ ತೋರಿಸಿದಷ್ಟು ಚೆನ್ನಾಗಿ ಯಾವ ನಕ್ಷೆಯೂ ತೋರಿಸದು.

ಕಲಿಸುವವರು ಇಲ್ಲವೇ ಇಲ್ಲ ಎಂಬ ನೆಪವನ್ನೂ ಹೇಳಲಾಗದು. ಜಾರ್ಖಂಡಿನ ನೇತರ್‌ಹಾಟ್ ಪ್ರಸ್ಥಭೂಮಿಯ ಅಸುರ ಸಮುದಾಯದವರ, ಛತ್ತೀಸ್‌ಗಢ ಮಧ್ಯಪ್ರದೇಶಗಳ ಅಗಾರಿಯಾ ಜನರ ಕುಲಕಸುಬು ಇದು. ಕಿಟ್ಟ ಹರಿಯುವುದನ್ನು ಕಂಡ ಕಣ್ಣು ಅಲ್ಲಿ ಇನ್ನೂ ಉಳಿದಿರುವಾಗಲೇ ಹೋಗಬೇಕು. ಬಾಕ್ಸೈಟ್ ಗಣಿಗಳು ಅಸುರರ ನೆಲವನ್ನೇ ಅಗೆಯುತ್ತಿವೆ, ಕಾಯುತ್ತ ಕೂರಲು ಸಮಯವಿಲ್ಲ. ನಮ್ಮ ಊರುಗಳ ರಸ್ತೆ ಬದಿಯಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು, ಕುಡುಗೋಲು ಬಡಿಯುವ ಬೈಲು ಕಮ್ಮಾರರಿಗೆ ಅದಿರಿನ ಅರ್ಧ ಮರೆತಿರಬಹುದು, ಉಕ್ಕಿನ ಬಣ್ಣ ನೋಡಿ ಬಿಸಿ ಹೇಳುವ ಅರ್ಧ ಇನ್ನೂ ಕೈಯಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಶಾರದಾ ಶ್ರೀನಿವಾಸನ್, ಎಸ್. ರಂಗನಾಥನ್ ಈ ಉಕ್ಕಿನ ಬಗ್ಗೆ ದಶಕಗಳ ಕಾಲ ಮಾಡಿದ ಸಂಶೋಧನೆ ಇದೆ. ಬೇಕಾದದ್ದು ಇವರೆಲ್ಲ ಒಂದೇ ಗೂಡಿನ ಸುತ್ತ ನಿಲ್ಲುವ ಏರ್ಪಾಡು: ತುಮಕೂರು ಅಥವಾ ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನ ಹಿಂಬದಿಯ ಜಾಗ, ಅರಣ್ಯ ಇಲಾಖೆಯಿಂದ ಇದ್ದಿಲಿಗೆ ಒಂದು ಪರವಾನಗಿ, ವರ್ಷವರ್ಷವೂ ತಪ್ಪದೆ ಬರುವ ಸಣ್ಣ ಅನುದಾನ. ಕಲಿಸಲು ಬರುವ ಅಸುರ, ಅಗಾರಿಯಾ ಹಿರಿಯರನ್ನು ಜಾನಪದ ಉತ್ಸವದ ಕಲಾವಿದರ ಪಟ್ಟಿಗೆ ಸೇರಿಸದೆ ಅಧ್ಯಾಪಕರೆಂದೇ ನೇಮಿಸಿ, ಅತಿಥಿ ಪ್ರಾಧ್ಯಾಪಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಬೇಕು.